ಕಹಿಗೂ ಕಹಿಗೂ ಇರುವ ದೂರ: ಒಂದೇ ಸಂಜೆ ನಾಲ್ಕು ಐಪಿಎ ಹೋಲಿಸುವ ಬಗೆ

ಹಾಗಲಕಾಯಿ ಕಹಿ. ಮೆಂತ್ಯ ಕಹಿ. ಬೇವಿನ ಚಿಗುರು, ಹೆರಳೆಕಾಯಿ ಸಿಪ್ಪೆ, ಗಟ್ಟಿ ಡಿಕಾಕ್ಷನ್ನು, ಇವೂ ಕಹಿಯೇ. ಕಣ್ಣು ಮುಚ್ಚಿಕೊಂಡು ನಾಲಿಗೆಗೆ ಇಟ್ಟರೆ ಯಾವುದು ಯಾವುದೆಂದು ನಮ್ಮಲ್ಲಿ ಹೆಚ್ಚಿನವರು ತಕ್ಷಣ ಹೇಳುತ್ತೇವೆ. ಅಷ್ಟು ಪಳಗಿದ ನಾಲಿಗೆ ಇಟ್ಟುಕೊಂಡು ಪಬ್ಬಿಗೆ ಹೋದವರು ಐಪಿಎ ಒಂದು ಗುಟುಕು ಕುಡಿದು ‘ಕಹಿ ಕಣೋ’ ಎಂದಷ್ಟೇ ಹೇಳಿ ಗ್ಲಾಸು ಸರಿಸಿಬಿಡುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬ ಬಿಯರಿನ ಸೊಗಸೆಲ್ಲ ಇರುವುದು ಆ ಕಹಿ ಎಂಥದ್ದು ಎನ್ನುವುದರಲ್ಲಿ. ಒಂದನ್ನೇ ಕುಡಿದರೆ ಅದು ಗೊತ್ತಾಗುವುದಿಲ್ಲ, ಎರಡನ್ನು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ನಾಲ್ಕನ್ನು ಸರಿಯಾದ ಸರತಿಯಲ್ಲಿ ಇಟ್ಟರೆ ಒಂದು ಸಂಜೆಗೆ ಸಾಕಾಗುವಷ್ಟು ಕಲಿಕೆ ಸಿಗುತ್ತದೆ.

ಬೆಂಗಳೂರು ಇದಕ್ಕೆ ಹೇಳಿ ಮಾಡಿಸಿದ ಊರು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಟಾಯ್ಟ್ ಬಾಗಿಲು ತೆರೆದದ್ದು 2010ರಲ್ಲಿ. ಮ್ಯಾಗ್ರತ್ ರಸ್ತೆಯ ಆರ್ಬರ್ ಮತ್ತು ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ 2012ರವು. ಅಲ್ಲಿಂದೀಚೆಗೆ ಮೈಕ್ರೋಬ್ರೂವರಿಗಳು ಬಡಾವಣೆಗೊಂದರಂತೆ ಎದ್ದಿವೆ. ಕುಡಿಯುವ ಜಾಗದಲ್ಲೇ, ಗಾಜಿನ ಆಚೆ ಕಾಣುವ ತೊಟ್ಟಿಯಲ್ಲೇ ಬಿಯರ್ ತಯಾರಾಗುವುದರಿಂದ ತಾಜಾತನಕ್ಕೆ ಕೊರತೆಯಿಲ್ಲ. ಐಪಿಎಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಹೊರಡುವ ಮುಂಚೆ

ಕರ್ನಾಟಕದ ಬಾರುಗಳಲ್ಲಿ 21 ತುಂಬಿದವರಿಗೆ ಮಾತ್ರ ಬಿಯರ್ ಕೊಡುತ್ತಾರೆ, ಗುರುತಿನ ಚೀಟಿ ಜೇಬಿನಲ್ಲಿರಲಿ. ಗಾಡಿ ಮನೆಯಲ್ಲೇ ಇರಲಿ. ಈ ಮಾತನ್ನು ಶಾಸ್ತ್ರಕ್ಕೆ ಹೇಳುತ್ತಿಲ್ಲ, ಲೆಕ್ಕವನ್ನು ಮುಂದೆ ಕೊಡುತ್ತೇನೆ.

ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ. ಸಂಜೆ ಐದೂವರೆಗೆ ಎರಡು ಚಪಾತಿಯೋ ಒಂದು ಬಟ್ಟಲು ಮೊಸರನ್ನವೋ ತಿಂದಿದ್ದರೆ ಮದ್ಯ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ನಾಲಿಗೆಯೂ ಶಾಂತವಾಗಿರುತ್ತದೆ. ಖಾರದ ಪುಳಿಯೋಗರೆ, ಉಪ್ಪಿನಕಾಯಿ ಬೇಡ. ಹೊರಡುವ ಮುನ್ನ ಒಂದು ಗಂಟೆ ಕಾಫಿ ಬೇಡ. ಎಲೆಅಡಿಕೆ, ಸಿಗರೇಟು, ಪುದೀನದ ಚೂಯಿಂಗ್ ಗಮ್ ಯಾವುದೂ ಬೇಡ. ಸೆಂಟು ಹಾಕಿಕೊಂಡು ಬರಬೇಡಿ ಎಂದು ಜೊತೆಗೆ ಬರುವವರಿಗೂ ಹೇಳಿ. ಮಲ್ಲಿಗೆ ಮುಡಿದವರು ಪಕ್ಕದಲ್ಲಿದ್ದರೆ ಸಂತೋಷವೇ, ಆದರೆ ಆ ಸಂಜೆ ಅವರು ಮೇಜಿನ ಇನ್ನೊಂದು ತುದಿಯಲ್ಲಿ ಕೂರಲಿ. ಮಲ್ಲಿಗೆಯ ಘಮದಲ್ಲಿರುವ ಲಿನಲೂಲ್ ಎಂಬ ವಸ್ತು ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವಿನ ಎಣ್ಣೆಯಲ್ಲೂ ಇದೆ, ಕೊತ್ತಂಬರಿ ಬೀಜದಲ್ಲೂ ಇದೆ. ಮೂಗಿಗೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಇಬ್ಬರಿಂದ ನಾಲ್ವರ ಗುಂಪು ಸಾಕು. ಆರು ಮಂದಿಯಾದರೆ ಬಿಯರಿನ ಮಾತು ಅರ್ಧ ಗಂಟೆಯಲ್ಲಿ ಆಫೀಸಿನ ಮಾತಾಗಿಬಿಡುತ್ತದೆ. ಒಂದು ಸಣ್ಣ ನೋಟ್‌ಬುಕ್ಕು, ಒಂದು ಪೆನ್ನು ಇರಲಿ. ಫೋನಿನಲ್ಲಿ ಬರೆದುಕೊಳ್ಳಬಹುದು ಅನ್ನಿಸುತ್ತದೆ, ಆದರೆ ಫೋನು ಕೈಗೆ ಬಂದರೆ ಮೂಗು ಗ್ಲಾಸಿನಿಂದ ದೂರ ಹೋಗುತ್ತದೆ. ನನಗೆ ಕಾಗದವೇ ಒಗ್ಗಿದೆ.

ಸಂಜೆ ಆರು, ಆರೂವರೆಗೆ ಹೋಗಿ, ಅದೂ ವಾರದ ನಡುವೆ. ಶನಿವಾರ ರಾತ್ರಿ ಒಂಬತ್ತಕ್ಕೆ ಸದ್ದು ಎಷ್ಟಿರುತ್ತದೆಂದರೆ ಸರ್ವರ್‌ಗೆ ಒಂದು ಪ್ರಶ್ನೆ ಕೇಳುವುದಕ್ಕೂ ಆಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳೋ ಹಲವಾರಿವೆ.

ಎರಡು ಜಾಗ, ನಾಲ್ಕು ಗ್ಲಾಸು

ಒಂದೇ ಸಂಜೆ ಐದಾರು ಪಬ್ಬು ಸುತ್ತುವ ಆಸೆ ಬಿಟ್ಟುಬಿಡಿ. ಎರಡು ಸಾಕು, ಒಂದೊಂದರಲ್ಲಿ ಎರಡೆರಡು ಬಗೆ. ಇಂದಿರಾನಗರ ಮೆಟ್ರೋ ನಿಲ್ದಾಣದಿಂದ ನಡೆದು ಹೋಗುವಂಥ ಒಂದು ಪಬ್ಬನ್ನು ಮೊದಲು ಆರಿಸಿ, ಅಲ್ಲಿಂದ ನೇರಳೆ ಮಾರ್ಗದಲ್ಲಿ ಹಲಸೂರು, ಟ್ರಿನಿಟಿ ದಾಟಿ ಎಂ.ಜಿ. ರಸ್ತೆಗೆ ಇಳಿದರೆ ಎರಡನೆಯದು. ನಡುವಿನ ಈ ಓಡಾಟ ವ್ಯರ್ಥವಲ್ಲ. ಆ ಅರ್ಧ ಮುಕ್ಕಾಲು ಗಂಟೆಯಲ್ಲಿ ನಾಲಿಗೆಯ ಮೇಲೆ ಕೂತ ಕಹಿ ಇಳಿಯುತ್ತದೆ.

ಅಳತೆ ಹೀಗಿರಲಿ: ಒಂದೊಂದು ಬಗೆಯದು 150 ಮಿಲಿ ಲೀಟರ್. ಸ್ಯಾಂಪ್ಲರ್ ಎಂದು ಕೇಳಿದರೆ ಹೆಚ್ಚಿನ ಕಡೆ ಹಲಗೆಯ ಮೇಲೆ ಸಣ್ಣ ಗ್ಲಾಸುಗಳನ್ನು ಜೋಡಿಸಿ ತರುತ್ತಾರೆ. ಸ್ಯಾಂಪ್ಲರ್ ಇಲ್ಲದಿದ್ದರೆ ಒಂದು ದೊಡ್ಡ ಗ್ಲಾಸು ತರಿಸಿ ಇಬ್ಬರು ಹಂಚಿಕೊಳ್ಳಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಈ ತೊಂದರೆಯೇ ಇಲ್ಲ, ಅಲ್ಲಿ ಪಿಂಟಿನ ಮೂರನೇ ಒಂದು ಭಾಗ, ಅಂದರೆ ಸುಮಾರು 190 ಮಿಲಿ, ಕಾನೂನೇ ಒಪ್ಪಿದ ಅಳತೆ.

ಈಗ ಲೆಕ್ಕ. ನಾಲ್ಕು ಗ್ಲಾಸು ಸೇರಿ 600 ಮಿಲಿ. ಸರಾಸರಿ 6.5 ಶೇಕಡಾ ಮದ್ಯಾಂಶ ಎಂದಿಟ್ಟುಕೊಂಡರೆ ಒಳಗೆ ಹೋಗುವುದು ಸುಮಾರು 31 ಗ್ರಾಂ ಶುದ್ಧ ಆಲ್ಕೋಹಾಲ್. 650 ಮಿಲಿಯ ಒಂದು ಸ್ಟ್ರಾಂಗ್ ಬಿಯರ್ ಬಾಟಲಿ 8 ಶೇಕಡಾದ್ದಾದರೆ ಅದರಲ್ಲಿರುವುದು 41 ಗ್ರಾಂ. ಅಂದರೆ ಇಡೀ ಸಂಜೆಯ ಕುಡಿತ ಒಂದು ಬಾಟಲಿಗಿಂತ ಕಡಿಮೆ. ಆದರೂ 31 ಗ್ರಾಂ ಕರಗಿ ಹೋಗಲು ದೇಹಕ್ಕೆ ಮೂರರಿಂದ ನಾಲ್ಕು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಎಪ್ಪತ್ತು ಕೆ.ಜಿ. ತೂಕದವರೂ ಇಷ್ಟರಲ್ಲಿ ಆ ಗೆರೆ ದಾಟಬಹುದು. ಗಾಡಿ ಮನೆಯಲ್ಲಿರಲಿ ಎಂದದ್ದು ಇದಕ್ಕೇ.

ಬೋರ್ಡಿನ ಮುಂದೆ ನಿಂತಾಗ

ಹಲಗೆಯ ಮೇಲೆ ಬಿಯರಿನ ಹೆಸರು, ಮದ್ಯಾಂಶ, ಐಬಿಯು ಎಂಬ ಮೂರು ಸಂಗತಿ ಬರೆದಿರುತ್ತಾರೆ. ಹೆಸರನ್ನು ಮರೆತುಬಿಡಿ. ಆರ್ಬರಿನವರು ತಮ್ಮ ಐಪಿಎಗೆ ರೇಜಿಂಗ್ ಎಲಿಫೆಂಟ್ ಎಂದು ಹೆಸರಿಟ್ಟಿದ್ದರು. ಹೆಸರು ಚೆನ್ನಾಗಿದೆ, ಆದರೆ ಮದವೇರಿದ ಆನೆಯ ಚಿತ್ರ ತಲೆಯಲ್ಲಿ ಕೂತಮೇಲೆ ಬಿಯರ್ ಜೋರಾಗಿಯೇ ಇದೆ ಅನ್ನಿಸುತ್ತದೆ.

ಐಬಿಯು ಎಂದರೆ ಕಹಿಯ ಮಾನ. ಹಾಪ್ಸ್ ಹೂವಿನಲ್ಲಿ ಆಲ್ಫಾ ಆಮ್ಲಗಳು ಎಂಬ ಪದಾರ್ಥವಿದೆ. ತಣ್ಣಗಿದ್ದಾಗ ಅದು ಹೆಚ್ಚು ಕರಗುವುದೂ ಇಲ್ಲ, ಅಷ್ಟು ಕಹಿಯೂ ಅಲ್ಲ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ರಸದಲ್ಲಿ ಕುದಿಸಿದಾಗ ಅದರ ರೂಪ ಬದಲಾಗಿ ಕಹಿಯಾಗುತ್ತದೆ. ಒಂದು ಲೀಟರಿನಲ್ಲಿ ಆ ಕಹಿ ಪದಾರ್ಥ ಎಷ್ಟು ಮಿಲಿಗ್ರಾಂ ಇದೆಯೋ ಹೆಚ್ಚುಕಡಿಮೆ ಅದೇ ಐಬಿಯು. ಅಮೆರಿಕನ್ ಐಪಿಎಗೆ 40ರಿಂದ 70 ಸಾಮಾನ್ಯ. ಆದರೆ ಈ ಸಂಖ್ಯೆಯನ್ನು ಹಿಡಿದು ಹೋಲಿಸಲು ಹೊರಟರೆ ದಾರಿ ತಪ್ಪುತ್ತೀರಿ. ಬೆಲ್ಲ ಹಾಕಿದ ಹಾಗಲಕಾಯಿ ಗೊಜ್ಜಿನಲ್ಲೂ ಬರೀ ಉಪ್ಪು ಹಾಕಿ ಹುರಿದ ಹಾಗಲಕಾಯಿಯಲ್ಲೂ ಇರುವುದು ಅದೇ ಕಾಯಿ, ಅಷ್ಟೇ ಕಹಿ. ನಾಲಿಗೆ ಎರಡನ್ನೂ ಒಂದೇ ಎನ್ನುವುದಿಲ್ಲವಲ್ಲ. 60 ಐಬಿಯು ಇದ್ದರೂ ಮಾಲ್ಟಿನ ಸಿಹಿ ಉಳಿದಿರುವ ಬಿಯರ್ ಮೆತ್ತಗೆ ಅನಿಸುತ್ತದೆ, 45 ಇರುವ, ಸಿಹಿ ಉಳಿಯದ ‘ಒಣ’ ಬಿಯರ್ ಚುರುಕ್ಕೆನ್ನುತ್ತದೆ. ಅಲ್ಲದೆ ಬೋರ್ಡಿನ ಸಂಖ್ಯೆ ಬಹಳ ಸಲ ಲೆಕ್ಕ ಹಾಕಿ ಬರೆದದ್ದು, ಪ್ರಯೋಗಾಲಯದಲ್ಲಿ ಅಳೆದದ್ದಲ್ಲ.

ನೋಡಬೇಕಾದದ್ದು ಬಗೆ. ಐಪಿಎ ಎಂಬ ಒಂದೇ ಹೆಸರಿನಡಿ ಈಗ ಮೂರು ನಾಲ್ಕು ಬೇರೆಬೇರೆ ಪಾನೀಯಗಳೇ ಇವೆ. ಅವುಗಳ ಹುಟ್ಟು ತಿಳಿದಿದ್ದರೆ ನಾಲಿಗೆಗೆ ಏನನ್ನು ಹುಡುಕಬೇಕೆಂದು ಗೊತ್ತಿರುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹೆಸರಿನಲ್ಲಿ ಇಂಡಿಯಾ ಇದ್ದರೂ ಇದು ನಮ್ಮಲ್ಲಿ ಹುಟ್ಟಿದ ಬಿಯರಲ್ಲ. ಲಂಡನ್ನಿನ ಪೂರ್ವಕ್ಕೆ ಬೋ ಎಂಬಲ್ಲಿ ಹಾಜ್ಸನ್ ಎಂಬವರ ಬ್ರೂವರಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಕಟ್ಟೆ ಅಲ್ಲಿಂದ ಹತ್ತಿರ. ಹಡಗಿನ ಕಪ್ತಾನರು ಅಲ್ಲಿಂದ ಪೀಪಾಯಿ ತುಂಬಿಕೊಂಡು ಆಫ್ರಿಕಾದ ತುದಿ ಬಳಸಿ ತಿಂಗಳುಗಟ್ಟಲೆ ಸಾಗಿ ಮದ್ರಾಸು, ಕಲ್ಕತ್ತೆಗಳಲ್ಲಿ ಮಾರುತ್ತಿದ್ದರು. 1790ರ ದಶಕದ ಕಲ್ಕತ್ತೆಯ ಪತ್ರಿಕಾ ಜಾಹೀರಾತಿನಲ್ಲೇ ಹಾಜ್ಸನ್ ಹೆಸರು ಸಿಗುತ್ತದೆ. ಭಾರತಕ್ಕೆ ಕಳಿಸಲೆಂದೇ ಒಬ್ಬಾತ ಈ ಬಿಯರನ್ನು ಕಂಡುಹಿಡಿದ ಎಂಬ ಕಥೆಯನ್ನು ಪಬ್ಬುಗಳ ಮೆನುವಿನಲ್ಲಿ ಈಗಲೂ ಓದಬಹುದು. ಅದು ನಿಜವಲ್ಲ. ಹಾಪ್ಸ್ ಹೆಚ್ಚು ಹಾಕಿ, ವರ್ಷಗಟ್ಟಲೆ ಇಡಲೆಂದು ಅಕ್ಟೋಬರಿನಲ್ಲಿ ತಯಾರಿಸುವ ತಿಳಿಬಣ್ಣದ ಬಿಯರ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು, ಅಂಥದ್ದು ಸಮುದ್ರಯಾನವನ್ನು ಚೆನ್ನಾಗಿ ತಾಳಿಕೊಂಡಿತು ಅಷ್ಟೇ. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಪ್ಪ್, ಬಾಸ್ ಮುಂತಾದವರು ಈ ವ್ಯಾಪಾರಕ್ಕೆ ಇಳಿದರು. ಬರ್ಟನ್ನಿನ ಬಾವಿನೀರಿನಲ್ಲಿ ಜಿಪ್ಸಂ ಹೆಚ್ಚು. ಜಿಪ್ಸಂನಲ್ಲಿರುವ ಸಲ್ಫೇಟಿನಿಂದ ಹಾಪ್ಸಿನ ಕಹಿ ಗರಿಗರಿಯಾಗಿ, ಒಣದಾಗಿ ಬರುತ್ತದೆ. ಇವತ್ತು ಬೆಂಗಳೂರಿನ ಬ್ರೂವರ್ ನೀರನ್ನು ಶುದ್ಧೀಕರಿಸಿ, ಆಮೇಲೆ ಬೇಕಾದಷ್ಟು ಜಿಪ್ಸಂ ಬೆರೆಸಿಕೊಳ್ಳುತ್ತಾನೆ. ಇನ್ನೂರು ವರ್ಷದ ಹಿಂದಿನ ಒಂದು ಊರಿನ ಬಾವಿಯನ್ನು ಚಮಚದಲ್ಲಿ ಅಳೆದು ಹಾಕುವ ಕೆಲಸ ಅದು, ನೆನೆದಾಗಲೆಲ್ಲ ನನಗೆ ರೋಮಾಂಚನ.

ಇಂಗ್ಲಿಷ್ ಐಪಿಎ ಆ ಮನೆತನದ್ದು: ಬಿಸ್ಕತ್ತಿನಂಥ ಮಾಲ್ಟು, ಮಣ್ಣಿನ, ಒಣಹುಲ್ಲಿನ, ಹೂವಿನ ಘಮದ ಹಾಪ್ಸು.

ಎರಡನೆಯ ಮನೆತನ ಅಮೆರಿಕದ್ದು. 1972ರಲ್ಲಿ ಆರೆಗಾನಿನಿಂದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ ಹೊರಬಂತು. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ ಅದನ್ನು ಧಾರಾಳವಾಗಿ ಬಳಸಿ ಲಿಬರ್ಟಿ ಏಲ್ ಮಾಡಿತು. ಆ ದಾರಿಯಲ್ಲಿ ಬೆಳೆದದ್ದೇ ವೆಸ್ಟ್ ಕೋಸ್ಟ್ ಐಪಿಎ: ತಿಳಿಯಾದ ಚಿನ್ನದ ಬಣ್ಣ, ಒಣ ಮುಕ್ತಾಯ, ಸಿಟ್ರಸ್ ಸಿಪ್ಪೆ ಮತ್ತು ಪೈನ್ ಮರದ ಅಂಟು. ಮೂರನೆಯದು ಹೇಜಿ ಐಪಿಎ. ವರ್ಮಾಂಟ್ ರಾಜ್ಯದ ದಿ ಆಲ್ಕೆಮಿಸ್ಟ್ ಬ್ರೂವರಿಯ ಹೆಡಿ ಟಾಪರ್ ಇದಕ್ಕೆ ದಾರಿ ತೋರಿದ ಬಿಯರ್ ಎಂದು ಎಲ್ಲರೂ ಒಪ್ಪುತ್ತಾರೆ. 2018ರಲ್ಲಿ ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಇದನ್ನು ಪ್ರತ್ಯೇಕ ಬಗೆಯೆಂದು ತನ್ನ ಪಟ್ಟಿಗೆ ಸೇರಿಸಿತು. ನೋಡಲು ಮಾವಿನ ರಸದ ಹಾಗೆ ಮಬ್ಬು. ಹಾಪ್ಸಿನ ಬಹುಪಾಲನ್ನು ಕುದಿಸದೆ, ಒಲೆ ಆರಿದ ಮೇಲೆ ಮತ್ತು ಹುದುಗುವಾಗ ಹಾಕುವುದರಿಂದ ಕಹಿ ಕಡಿಮೆ, ಹಣ್ಣಿನ ಪರಿಮಳ ಹೆಚ್ಚು. ಓಟ್ಸ್ ಮತ್ತು ಗೋಧಿ ಬೆರೆಸುವುದರಿಂದ ಬಾಯಿಗೆ ಮೃದು.

ಡಬಲ್ ಐಪಿಎ ಎಂಬುದು ವೆಸ್ಟ್ ಕೋಸ್ಟಿನ ಅಣ್ಣ. ಅಮೆರಿಕದಲ್ಲಿ 7.5ರಿಂದ 10 ಶೇಕಡಾವರೆಗೂ ಹೋಗುತ್ತದೆ. ಭಾರತದ ಆಹಾರ ಸುರಕ್ಷತಾ ಮಾನದಂಡದಲ್ಲಿ ಬಿಯರಿನ ಮೇಲ್ಮಿತಿ 8 ಶೇಕಡಾ ಆದ್ದರಿಂದ ಇಲ್ಲಿ ಆ ಹೆಸರಿನಲ್ಲಿ ಸಿಗುವುದು ಅಷ್ಟರೊಳಗೇ.

ಬೋರ್ಡು ಓದಿದ ಮೇಲೆ ಸರ್ವರ್‌ಗೆ ಮೂರು ಪ್ರಶ್ನೆ ಕೇಳಿ. ಈ ಬ್ಯಾಚು ಟ್ಯಾಪಿಗೆ ಬಂದು ಎಷ್ಟು ದಿನವಾಯಿತು? ಯಾವ ಹಾಪ್ಸು? ಇವತ್ತು ಯಾವುದು ಹೆಚ್ಚು ಹೋಗುತ್ತಿದೆ? ಮೂರನೆಯದು ಬಹಳ ಉಪಯೋಗದ್ದು, ಹೆಚ್ಚು ಖರ್ಚಾಗುವ ಟ್ಯಾಪಿನ ಬಿಯರ್ ಪೈಪಿನಲ್ಲಿ ನಿಂತು ಹಳಸುವುದಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ ಒಳಗೆ ಬ್ರೂವರ್ ಇದ್ದಾರೆಯೇ ಎಂದು ವಿಚಾರಿಸಿ. ಸಂಜೆಯ ಹೊತ್ತು ಇದ್ದರೆ ಖುಷಿಯಿಂದ ಬಂದು ಮಾತಾಡುತ್ತಾರೆ, ತಾವು ಮಾಡಿದ್ದನ್ನು ಗಮನವಿಟ್ಟು ಕುಡಿಯುವವರು ಅವರಿಗೂ ಬೇಕು.

ಸರತಿ

ಹಗುರದಿಂದ ಭಾರಕ್ಕೆ. ಮೊದಲು ಸೆಷನ್ (ಮದ್ಯಾಂಶ ಕಡಿಮೆಯಿರುವ ಹಗುರ ಐಪಿಎ) ಅಥವಾ ಇಂಗ್ಲಿಷ್ ಐಪಿಎ, ಆಮೇಲೆ ಹೇಜಿ, ಆಮೇಲೆ ವೆಸ್ಟ್ ಕೋಸ್ಟ್, ಕೊನೆಗೆ ಡಬಲ್. ಹೇಜಿಗೆ ಮದ್ಯಾಂಶ ಹೆಚ್ಚಿದ್ದರೂ ಅದು ವೆಸ್ಟ್ ಕೋಸ್ಟಿಗಿಂತ ಮುಂಚೆಯೇ ಬರಬೇಕು. ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಮೊದಲ ಸಲ ಹೀಗೆ ಹೋಲಿಸಲು ಕೂತಾಗ ಉತ್ಸಾಹದಲ್ಲಿ ಡಬಲ್ ಐಪಿಎಯಿಂದ ಶುರುಮಾಡಿದ್ದೆ. ಅದಾದ ಮೇಲೆ ಬಂದ ಮೂರೂ ಬಿಯರು ಸಕ್ಕರೆ ನೀರಿನ ಹಾಗೆ ಅನಿಸಿದವು. ಅವುಗಳಲ್ಲಿ ಒಂದು, ತಿಂಗಳ ನಂತರ ಸರಿಯಾದ ಸರತಿಯಲ್ಲಿ ಕುಡಿದಾಗ, ಆ ವರ್ಷ ನನಗೆ ಸಿಕ್ಕ ಅತ್ಯುತ್ತಮ ಇಂಗ್ಲಿಷ್ ಐಪಿಎ ಆಗಿತ್ತು. ಕಹಿ ನಾಲಿಗೆಯ ಮೇಲೆ ಪೇರುತ್ತ ಹೋಗುತ್ತದೆ, ಒಂದು ಗುಟುಕಿಗಿಂತ ಎರಡನೆಯದು ಕಹಿ. ಐದನೇ ಗ್ಲಾಸಿಗೆ ಬಂದಾಗ ನೀವು ಬಿಯರನ್ನು ಹೋಲಿಸುತ್ತಿರುವುದಿಲ್ಲ, ದಣಿದ ನಾಲಿಗೆಯ ಮಾತು ಕೇಳುತ್ತಿರುತ್ತೀರಿ. ನಾಲ್ಕಕ್ಕೆ ನಿಲ್ಲಿಸಿ ಎನ್ನುವುದು ಅದಕ್ಕಾಗಿ.

ಒಂದು ಉಪಾಯ: ಪ್ರತಿ ಜಾಗದಲ್ಲೂ ಮೊದಲ ಗ್ಲಾಸಿನಲ್ಲಿ ಎರಡು ಗುಟುಕು ಉಳಿಸಿಕೊಳ್ಳಿ. ಎರಡನೆಯದನ್ನು ಮುಗಿಸಿ, ನೀರು ಕುಡಿದು, ಐದು ನಿಮಿಷ ಬಿಟ್ಟು ಮೊದಲನೆಯದಕ್ಕೆ ವಾಪಸ್ ಹೋಗಿ. ಆಗ ಬರೆದದ್ದಕ್ಕೂ ಈಗ ಅನಿಸುವುದಕ್ಕೂ ತೀರಾ ವ್ಯತ್ಯಾಸವಿದ್ದರೆ ಮುಂದಿನ ಗ್ಲಾಸಿಗೆ ಅವಸರ ಮಾಡಬೇಡಿ.

ಒಂದು ಗ್ಲಾಸಿನ ಮುಂದೆ ಹತ್ತು ನಿಮಿಷ

ಬಿಯರ್ ಬಂದ ಕೂಡಲೇ ಕುಡಿಯಬೇಡಿ. ನಮ್ಮಲ್ಲಿ ಬಿಯರನ್ನು ತೀರಾ ತಣ್ಣಗೆ ಕೊಡುತ್ತಾರೆ. ಐಪಿಎ ಬಾಯಿಬಿಡುವುದು 7ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗ್ಲಾಸನ್ನು ಅಂಗೈಯಲ್ಲಿ ಬಳಸಿ ಹಿಡಿದು ಎರಡು ಮೂರು ನಿಮಿಷ ಕಾಯಿರಿ, ಹೊರಗಿನ ಹನಿ ಆರುತ್ತ ಬಂದಾಗ ಒಳಗೂ ಹದವಾಗಿರುತ್ತದೆ. ಆ ಹೊತ್ತಿನಲ್ಲಿ ಕಣ್ಣು ಕೆಲಸ ಮಾಡಲಿ. ಬಣ್ಣ ಒಣಹುಲ್ಲಿನದೋ, ಜೇನಿನದೋ, ತಾಮ್ರದ್ದೋ. ನೊರೆ ಗಟ್ಟಿಯಾಗಿ ನಿಲ್ಲುತ್ತದೆಯೋ, ಸೋಪಿನ ಗುಳ್ಳೆಯಂತೆ ಒಡೆದು ಹೋಗುತ್ತದೆಯೋ. ತೊಳೆದ ಗ್ಲಾಸಿನಲ್ಲಿ ಜಿಡ್ಡು ಉಳಿದಿದ್ದರೆ ಒಳ್ಳೆಯ ಬಿಯರಿನ ನೊರೆಯೂ ನಿಲ್ಲುವುದಿಲ್ಲ. ಗಾಜಿನ ಒಳಮೈಗೆ ಅಲ್ಲಲ್ಲಿ ಗುಳ್ಳೆ ಅಂಟಿಕೊಂಡು ಕೂತಿದ್ದರೆ ಬೇರೆ ಗ್ಲಾಸು ಕೇಳಿ, ಸಂಕೋಚ ಬೇಡ.

ಆಮೇಲೆ ಮೂಗು. ಒಂದು ಉದ್ದ ಉಸಿರಿಗಿಂತ ಮೂರು ಸಣ್ಣ ಉಸಿರು ಮೇಲು. ಮೊದಲ ಉಸಿರಿಗೆ ಬಂದದ್ದನ್ನೇ ಬರೆಯಿರಿ, ಮೂಗು ಬೇಗ ಒಗ್ಗಿಕೊಂಡು ಸುಮ್ಮನಾಗಿಬಿಡುತ್ತದೆ. ಸುಮ್ಮನಾಯಿತು ಅನಿಸಿದರೆ ನಿಮ್ಮದೇ ಮೊಣಕೈ ಒಳಭಾಗವನ್ನು ಮೂಸಿ, ಮೂಗು ಮತ್ತೆ ಎಚ್ಚರವಾಗುತ್ತದೆ.

ಬರೆಯುವಾಗ ನಿಮ್ಮ ಮನೆಯ ಮಾತಿನಲ್ಲೇ ಬರೆಯಿರಿ. ಇಡೀ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನು. ಬಿಯರಿನ ಪುಸ್ತಕಗಳಲ್ಲಿ ಗ್ರೇಪ್‌ಫ್ರೂಟ್, ಪೈನ್, ಗೂಸ್‌ಬೆರಿ ಎಂದೆಲ್ಲ ಇರುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಗೂಸ್‌ಬೆರಿ ತಿಂದು ಬೆಳೆದಿದ್ದೇವೆ? ತಿನ್ನದ ಹಣ್ಣಿನ ಹೆಸರು ಬರೆದರೆ ಅದು ಬಾಯಿಪಾಠ. ಆ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ದೇವನಹಳ್ಳಿಯ ಚಕೋತಕ್ಕೆ ಭೌಗೋಳಿಕ ಗುರುತೂ ಇದೆ. ಚಕೋತದ ತೊಳೆ ಬಿಡಿಸುವಾಗ ಬಿಳಿ ತಿರುಳು ಉಗುರಿಗೆ ಸಿಕ್ಕು ಬರುವ ವಾಸನೆ ನೆನಪಿದೆಯಲ್ಲ, ಕ್ಯಾಸ್ಕೇಡ್ ಮತ್ತು ಸಿಟ್ರಾ ಹಾಪ್ಸಿನ ಬಿಯರಿನಲ್ಲಿ ನನಗೆ ಸಿಗುವುದು ಅದೇ. ಪೈನ್ ಎಂದು ಅವರು ಬರೆಯುವುದನ್ನು ನಾನು ಮಾವಿನಕಾಯಿ ತೊಟ್ಟು ಮುರಿದಾಗ ಚಿಮ್ಮುವ ಸೊನೆ ಎಂದು ಬರೆದುಕೊಳ್ಳುತ್ತೇನೆ. ಕೆಲವೊಮ್ಮೆ ದೇವರ ಮನೆಯ ಧೂಪ. ಮೊಸೈಕ್ ಎಂಬ ಹಾಪ್ಸಿನಲ್ಲಿ ಮಾಗಿದ ಸೀಬೆಹಣ್ಣು, ಮಾವು, ಕೆಲವು ಬ್ಯಾಚಿನಲ್ಲಿ ಹೆಚ್ಚಿದ ಈರುಳ್ಳಿಯೂ ಬರುತ್ತದೆ. ಈರುಳ್ಳಿ ಬಂದರೆ ಹೆದರಬೇಡಿ, ತಡವಾಗಿ ಕೊಯ್ದ ಹಾಪ್ಸಿನ ಗಂಧಕದ ಅಂಶ ಅದು. ಇಷ್ಟವಾಗದಿದ್ದರೆ ಹಾಗೆಂದೇ ಬರೆಯಿರಿ. ಬಾಳೆಹಣ್ಣಿನ ವಾಸನೆ ಬಂದರೆ ಅದು ಹಾಪ್ಸಿನದಲ್ಲ, ಯೀಸ್ಟಿನದು. ವೀಟ್ ಬಿಯರಿನಲ್ಲಿ ಅದು ಬೇಕು, ವೆಸ್ಟ್ ಕೋಸ್ಟಿನಲ್ಲಿ ಬೇಡ.

ಈಗ ಗುಟುಕು. ಒಂದು ಚಮಚೆಯಷ್ಟು ಬಾಯಿಗೆ ತೆಗೆದುಕೊಂಡು ನಾಲಿಗೆಯ ಮೇಲೆಲ್ಲ ಹರಡಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ವೈನ್ ಪರೀಕ್ಷಿಸುವವರ ಹಾಗೆ ಉಗುಳಿದರೆ ಇಲ್ಲಿ ಅರ್ಧ ಸಂಗತಿ ತಪ್ಪಿಹೋಗುತ್ತದೆ, ಬಿಯರಿನ ಕಹಿ ಪೂರ್ತಿ ತಿಳಿಯುವುದು ಗಂಟಲಿಗೆ ಇಳಿದ ಮೇಲೆ. ನುಂಗಿದ ಮೇಲೆ ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ. ಕಹಿ ಯಾವಾಗ ಬಂತು, ಎಲ್ಲಿ ಕೂತಿತು, ಎಷ್ಟು ಎಣಿಕೆಗೆ ಹೋಯಿತು? ಒಳ್ಳೆಯ ವೆಸ್ಟ್ ಕೋಸ್ಟಿನ ಕಹಿ ಹುರಿದ ಮೆಂತ್ಯದ ಹಾಗೆ ಚುರುಕಾಗಿ ಬಂದು, ಬಾಯನ್ನು ಸ್ವಚ್ಛ ಮಾಡಿ ಹೋಗುತ್ತದೆ. ಇಂಗ್ಲಿಷ್ ಐಪಿಎಯದು ಗೊಜ್ಜಿನ ಕಹಿ, ಸಿಹಿಯ ಹಿಂದಿನಿಂದ ನಿಧಾನವಾಗಿ ಏಳುತ್ತದೆ. ಕೆಲವು ಬಿಯರಿನ ಕಹಿ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಹಿಂದೆಯೇ ಉಳಿದುಬಿಡುತ್ತದೆ. ಅದು ಕಸುಬಿನ ಕೊರತೆ.

ಕಹಿ ಬೇರೆ, ಒಗರು ಬೇರೆ. ಈ ಎರಡು ಪದ ನಮ್ಮ ಅಡುಗೆಮನೆಯಲ್ಲೇ ಬೇರೆಬೇರೆಯಾಗಿ ಇರುವುದು ನಮ್ಮ ಭಾಗ್ಯ. ಎಳೆ ಅಡಿಕೆ, ಬಾಳೆಕಾಯಿ, ನೆಲ್ಲಿಕಾಯಿ ತಿಂದಾಗ ನಾಲಿಗೆ ಹಿಡಿದಂತಾಗುವುದು ಒಗರು, ಅದು ರುಚಿಗಿಂತ ಸ್ಪರ್ಶ. ಹೇಜಿ ಐಪಿಎಗೆ ಒಣ ಹಾಪ್ಸನ್ನು ಮಿತಿಮೀರಿ ಸುರಿದು, ಅದು ತಳಕ್ಕೆ ಇಳಿಯುವ ಮೊದಲೇ ಟ್ಯಾಪಿಗೆ ಹಾಕಿದರೆ ಗಂಟಲು ಕೆರೆದಂತಾಗುತ್ತದೆ. ಆಗ ‘ಕಹಿ’ ಎಂದು ಬರೆದರೆ ತಪ್ಪು ಲೆಕ್ಕ, ‘ಒಗರು’ ಎಂದು ಬರೆಯಿರಿ. ಹತ್ತು ದಿನ ಬಿಟ್ಟು ಅದೇ ಬ್ಯಾಚು ಕುಡಿದರೆ ಸರಿಹೋಗಿರುವುದುಂಟು.

ಪ್ರತಿ ಬಿಯರಿಗೆ ನಾಲ್ಕು ಸಾಲು ಸಾಕು: ಘಮ, ಕಹಿಯ ಬಗೆ, ಬಾಯಿಗೆ ತೆಳುವೋ ದಪ್ಪವೋ, ಮೂವತ್ತರ ಎಣಿಕೆಯ ಕೊನೆಗೆ ಉಳಿದದ್ದು. ಅಂಕ ಕೊಡಬೇಡಿ. ಎರಡು ಬಗೆ ಕುಡಿದ ಮೇಲೆ, ಇವುಗಳಲ್ಲಿ ಇನ್ನೊಂದು ಗ್ಲಾಸು ಯಾವುದನ್ನು ಕೇಳುತ್ತಿದ್ದೆ ಎಂದು ಒಂದು ಸಾಲು ಬರೆದರೆ ಹತ್ತಕ್ಕೆ ಏಳು, ಏಳೂವರೆ ಎನ್ನುವುದಕ್ಕಿಂತ ನಿಜವಾದ ತೀರ್ಪು ಸಿಗುತ್ತದೆ. ಮೇಜಿನಲ್ಲಿರುವವರು ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು. ಒಬ್ಬರು ‘ಮಾವು’ ಎಂದರೆ ಸಾಕು, ಉಳಿದ ಮೂವರಿಗೂ ಮಾವೇ ಸಿಗುತ್ತದೆ.

ಕೆಟ್ಟಿರುವುದನ್ನು ಗುರುತಿಸುವುದು

ಬೆಣ್ಣೆ ಬಿಸ್ಕತ್ತು ಅಥವಾ ಸಿನಿಮಾ ಹಾಲಿನ ಪಾಪ್‌ಕಾರ್ನಿನ ವಾಸನೆ ಬಂದು ಬಾಯಲ್ಲಿ ಜಾರುವಂತಿದ್ದರೆ ಅದು ಡೈಅಸಿಟೈಲ್. ಹುದುಗುವಿಕೆ ಪೂರ್ತಿಯಾಗುವ ಮೊದಲೇ ತಣ್ಣಗೆ ಮಾಡಿದ್ದಾರೆ, ಅಥವಾ ಟ್ಯಾಪಿನ ಪೈಪು ತೊಳೆದಿಲ್ಲ. ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ಎಂದರೆ ಆಮ್ಲಜನಕ ತಾಗಿ ಹಳತಾಗಿದೆ. ಹೇಜಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ, ಹಳದಿ ಹೋಗಿ ಬೂದುಕಂದು ಬರುತ್ತದೆ. ಬೇಯಿಸಿದ ಜೋಳ, ಎಲೆಕೋಸು ಬಂದರೆ ಕುದಿತ ಸಾಲದು. ಹುಳಿ ಬಂದರೆ ಸೋಂಕು. ಬಿಸಿಲಿಗೆ ಇಟ್ಟ ಹಸಿರು ಬಾಟಲಿಯಲ್ಲಿ ಸುಟ್ಟ ರಬ್ಬರಿನಂಥ ನಾತ ಬರುವುದುಂಟು, ಟ್ಯಾಪಿನ ಬಿಯರಿಗೆ ಆ ಭಯವಿಲ್ಲ.

ಒಮ್ಮೆ ಒಂದು ಪಬ್ಬಿನಲ್ಲಿ ಐಪಿಎಯಲ್ಲಿ ಬೆಣ್ಣೆಯೇ ಬೆಣ್ಣೆ. ಮೆಲ್ಲಗೆ ಹೇಳಿದೆ. ಅವರು ಅದು ಮಾಲ್ಟಿನ ರುಚಿ ಎಂದು ವಾದಿಸಿದರು, ನಾನು ಹೌದೇನೋ ಎಂದುಕೊಂಡು ಕುಡಿದುಬಿಟ್ಟೆ. ಹಾಗೆ ಮಾಡಬೇಡಿ. ಎರಡು ಗುಟುಕಿನಲ್ಲೇ ತಿಳಿಸಿ, ಬೇರೆ ಕೇಳಿ. ಅಂಥ ಗ್ಲಾಸನ್ನು ಹೋಲಿಕೆಗೆ ಸೇರಿಸಿಕೊಳ್ಳುವುದೂ ನ್ಯಾಯವಲ್ಲ, ತೊಳೆಯದ ಪೈಪಿನ ತಪ್ಪನ್ನು ಪಾಕವಿಧಾನದ ಮೇಲೆ ಹೊರಿಸಿದಂತಾಗುತ್ತದೆ.

ನಡುವೆ ತಿನ್ನುವುದು

ಗ್ಲಾಸಿಗೊಂದು ಲೋಟ ನೀರು, ಐಸಿಲ್ಲದ್ದು. ಜೊತೆಗೆ ಉಪ್ಪಿಲ್ಲದ ಬ್ರೆಡ್ಡೋ ಮಂಡಕ್ಕಿಯೋ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಅದಕ್ಕೇ ಉಪ್ಪುಕಡಲೆ ತಿಂದು ಕುಡಿದರೆ ಎಲ್ಲ ಐಪಿಎಗಳೂ ಮೆತ್ತಗಾಗುವುದು. ಖಾರ ಇನ್ನೂ ತೊಂದರೆ. ಕಹಿ, ಮದ್ಯ, ಗ್ಯಾಸು ಮೂರೂ ಮೆಣಸಿನ ಉರಿಗೆ ಉರಿ ಸೇರಿಸುತ್ತವೆ. ಚಿಲ್ಲಿ ಚಿಕನ್ನು, ಘೀ ರೋಸ್ಟು ಏನಿದ್ದರೂ ಬರೆಯುವುದೆಲ್ಲ ಮುಗಿದ ಮೇಲೆ.

ಕಣ್ಣಿಗೆ ಕಾಣದಂತೆ ಒಂದು ಪರೀಕ್ಷೆ

ಎರಡನೇ ಪಬ್ಬಿನಲ್ಲಿ ಇದನ್ನು ಮಾಡಿ, ಇದರಷ್ಟು ಖುಷಿ ಬೇರೆ ಯಾವುದರಲ್ಲೂ ಇಲ್ಲ. ಬಣ್ಣ ಹೆಚ್ಚುಕಡಿಮೆ ಒಂದೇ ಇರುವ ಎರಡು ಐಪಿಎ ಆರಿಸಿ. ಒಬ್ಬರು ನೀವು ಕಾಣದಂತೆ ಮೂರು ಗ್ಲಾಸಿಗೆ ಹಾಕಲಿ, ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಇನ್ನೊಂದು. ಗ್ಲಾಸಿನಡಿ ಕಾಗದದಲ್ಲಿ ಗುರುತು. ಬೇರೆಯಾಗಿರುವುದು ಯಾವುದು ಎಂದು ನೀವು ಹೇಳಬೇಕು. ಒಂದು ಸಲ ಸರಿ ಹೇಳಿದರೆ ಅದು ಅದೃಷ್ಟವೂ ಇರಬಹುದು, ಮೂರರಲ್ಲಿ ಒಂದು ಸಾಧ್ಯತೆ. ಗ್ಲಾಸುಗಳನ್ನು ಕಲೆಸಿ ಮೂರು ಸಲವೂ ಸರಿ ಹೇಳಿದರೆ ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ಇಪ್ಪತ್ತೇಳರಲ್ಲಿ ಒಂದು, ನಿಮ್ಮ ನಾಲಿಗೆಯನ್ನು ನಂಬಬಹುದು. ಪರೀಕ್ಷೆಗೆಂದು ಹೆಚ್ಚುವರಿ ಬಿಯರ್ ತರಿಸಬೇಡಿ, ಅಲ್ಲಿನ ಎರಡು ಸ್ಯಾಂಪ್ಲರಿನಲ್ಲೇ ಒಂದೊಂದು ಗುಟುಕು ಹಾಕಿದರೆ ಸಾಕು.

ಬ್ರೂವರಿಗಳ ಹೆಸರು ಮುಚ್ಚಿಟ್ಟು ಹೀಗೆ ಕುಡಿದಾಗ ನನ್ನ ಮೆಚ್ಚಿನದು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಬಿಯರನ್ನು ನಾನೇ ಎರಡನೇ ಸ್ಥಾನಕ್ಕೆ ಇಳಿಸಿದ್ದೆ. ಆ ಚೀಟಿ ಇನ್ನೂ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡಿದ್ದೇನೆ.

ಮನೆಗೆ, ಮತ್ತೆ ಎರಡು ವಾರಕ್ಕೆ

ಕೊನೆಯ ಮೆಟ್ರೋ ಎಷ್ಟು ಹೊತ್ತಿಗೆ ಎಂದು ಬರುವಾಗಲೇ ನೋಡಿಟ್ಟುಕೊಂಡಿರಿ. ಬಿಲ್ಲು ಕೇಳುವ ಮುಂಚೆ ಎರಡು ಲೋಟ ನೀರು, ಹೊಟ್ಟೆಗೆ ಊಟ. ಮರುದಿನ ಬೆಳಿಗ್ಗೆ, ಕಾಫಿಗೆ ಮೊದಲು, ಬರೆದದ್ದನ್ನು ಒಮ್ಮೆ ಓದಿ. ಕೊನೆಯ ಗ್ಲಾಸಿನ ಸಾಲುಗಳು ಮೊದಲನೆಯದರಷ್ಟು ಸ್ಪಷ್ಟವಾಗಿಲ್ಲದಿದ್ದರೆ ಮುಂದಿನ ಸಲ ಮೂರೇ ಬಗೆ ತರಿಸಿ.

ಮೈಕ್ರೋಬ್ರೂವರಿಯ ಬಿಯರು ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಹಾಪ್ಸು ನಮ್ಮಲ್ಲಿ ಹಿಮಾಚಲದ ಲಾಹೌಲಿನಲ್ಲಿ ಬೆಳೆಯುತ್ತದೆ, ಆದರೆ ಅಮೆರಿಕದ ತಳಿಗಳ ಘಮ ಬೇಕೆನ್ನುವ ಬ್ರೂವರ್ ಅಲ್ಲಿಂದಲೇ ಗುಳಿಗೆ ರೂಪದಲ್ಲಿ ತರಿಸಬೇಕು. ಒಂದು ವರ್ಷದ ಕೊಯ್ಲಿನಂತೆ ಇನ್ನೊಂದು ವರ್ಷದ್ದು ಇರುವುದಿಲ್ಲ. ಹಾಗಾಗಿ ಎರಡು ವಾರ ಬಿಟ್ಟು ಅದೇ ಎರಡು ಜಾಗಕ್ಕೆ ಹೋಗಿ, ಈ ಸಲ ಪಬ್ಬುಗಳ ಸರತಿ ಅದಲುಬದಲು ಮಾಡಿ. ಹಳೆಯ ಪುಟವನ್ನು ತೆರೆಯದೆ ಹೊಸದನ್ನು ಬರೆಯಿರಿ, ಬರೆದಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡು ಪುಟದಲ್ಲೂ ಒಂದೇ ಪದ, ಚಕೋತವೋ ಸೊನೆಯೋ, ಬಂದಿದ್ದರೆ ಅದರಡಿ ಗೆರೆ ಎಳೆಯಿರಿ.